ಎಡೆದೊರೆ ನಾಡಿನ ಕೆಂಬಾವುಟ

ಬಂಗಾಳದ ಗೌತಮ್ ಘೋಷ್ ತಮ್ಮ ಮೊದಲ ಕಥಾಚಿತ್ರವನ್ನು ಮಾಡಿದ್ದು ತೆಲುಗಿನಲ್ಲಿ. ‘ಮಾ ಭೂಮಿ’ ಎಂಬ ಆ ಚಿತ್ರ ತಯಾರಾದದ್ದು 1979ರಲ್ಲಿ. ನಿಜಾಮನ ಕಾಲದ ತೆಲಂಗಾಣದ ಹಳ್ಳಿಗಳಲ್ಲಿ ರೈತರು ದೊರೆಗಳ ಮೇಲೆ ತಿರುಗಿಬಿದ್ದ ಕಥೆ ಅದು. ಕಾಲು ಶತಮಾನದ ಮೇಲೆ, 2005ರಲ್ಲಿ, ಅದೇ ಘೋಷ್ ಬಂಗಾಳದ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ಅವರ ಬೆನ್ನುಹತ್ತಿ ಹೋಗಿ ಅವರ ಬದುಕಿನ ಸಾಕ್ಷ್ಯಚಿತ್ರ ತೆಗೆದರು. ಆನಂದ್ ಪಟವರ್ಧನ್ ಎಪ್ಪತ್ತರ ದಶಕದ ನಡುವೆ ಜಯಪ್ರಕಾಶ ನಾರಾಯಣರ ಬಿಹಾರ ಚಳವಳಿಯನ್ನು ‘ಕ್ರಾಂತಿ ಕೀ ತರಂಗೇ’ಯಲ್ಲಿ ಹಿಡಿದಿಟ್ಟರು, ತುರ್ತುಪರಿಸ್ಥಿತಿ ಬಂದಾಗ ಅದನ್ನು ಕದ್ದುಮುಚ್ಚಿ ತೋರಿಸಬೇಕಾಯಿತು. ಕೇರಳದಲ್ಲಿ ಶಾಜಿ ಎನ್. ಕರುಣ್ ಎ.ಕೆ. ಗೋಪಾಲನ್ ಅವರ ಬಗ್ಗೆ ಚಿತ್ರ ಮಾಡಿದರು. ಹೀಗೆ ಎಡಪಂಥದ ನಾಯಕರನ್ನು ಕುರಿತ ಸಿನಿಮಾಗಳ ಭೂಪಟ ಬರೆದರೆ ಕಲ್ಕತ್ತಾ, ಪಟ್ನಾ, ಕಣ್ಣೂರು, ನಲ್ಗೊಂಡ ಎದ್ದು ಕಾಣುತ್ತವೆ. ನಲ್ಗೊಂಡದಂತೆಯೇ ನಿಜಾಮನ ಹಾಲಿ ಸಿಕ್ಕಾ ಚಲಾವಣೆಯಲ್ಲಿದ್ದ, ಅಲ್ಲಿಯಂತೆಯೇ ಪಟವಾರಿಯ ದಫ್ತರಕ್ಕೆ ಹೆದರಿದ್ದ ರಾಯಚೂರು ದೋಆಬು ಆ ಪಟದಲ್ಲಿ ಖಾಲಿ ಜಾಗ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಗೆ ಹಳೆಯ ಶಾಸನಗಳ ಕಾಲದಿಂದ ಎಡೆದೊರೆ ನಾಡು ಎಂದು ಹೆಸರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಅದರ ನಡುಗೂಡಿನಲ್ಲಿವೆ. ಇಲ್ಲಿ ಚಿನ್ನದ ಗಣಿಯಿದೆ, ಕಾಲುವೆಯಿದೆ, ನಿರಾಶ್ರಿತರ ಕ್ಯಾಂಪುಗಳಿವೆ, ಬೇಸಿಗೆ ಬಂತೆಂದರೆ ಗುಳೆ ಹೋಗುವ ಜನರಿದ್ದಾರೆ. ಎಡಪಕ್ಷಗಳಿಗೆ ಇದಕ್ಕಿಂತ ಹದವಾದ ನೆಲ ಬೇರೆ ಬೇಕೆ ಎನ್ನಿಸುತ್ತದೆ. ಆದರೂ ಇಲ್ಲಿ ಕೆಂಬಾವುಟ ಹಿಡಿದವರು ಎತ್ತಿದ ಪ್ರಶ್ನೆಗಳು ಮನೆಮಾತಾದವು, ಓಟು ಮಾತ್ರ ಬೇರೆಯವರ ಪೆಟ್ಟಿಗೆಗೆ ಬಿತ್ತು. ಎಪ್ಪತ್ತು ವರ್ಷಗಳ ಕಥೆ ಹೆಚ್ಚುಕಡಿಮೆ ಇದೇ.

ಲಿಂಗಸುಗೂರು ಇಂದು ತಾಲ್ಲೂಕು ಕೇಂದ್ರ. ಹತ್ತೊಂಬತ್ತನೇ ಶತಮಾನದಲ್ಲಿ ಅದಕ್ಕೆ ಇನ್ನೂ ದೊಡ್ಡ ದರ್ಬಾರಿತ್ತು. 1853ರ ಒಪ್ಪಂದದಲ್ಲಿ ನಿಜಾಮ ಸಾಲಕ್ಕೆ ಈಡಾಗಿ ಬೀರಾರ್ ಜೊತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರ ಕೈಗಿಟ್ಟ. 1860ರಲ್ಲಿ ದೋಆಬು ಮರಳಿ ಬಂತು. ಲಿಂಗಸುಗೂರಿನ ಛಾವಣಿಯ ಸೈನ್ಯವೇ 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಏರಿಹೋದದ್ದು. ಮುಂದೆ ಊರು ಜಿಲ್ಲಾ ಕೇಂದ್ರವೂ ಆಗಿ, 1905ರಲ್ಲಿ ಜಿಲ್ಲೆ ರದ್ದಾಗಿ ರಾಯಚೂರಿನಲ್ಲಿ ಲೀನವಾಯಿತು. ಸಮೀಪದ ಗುಡಗುಂಟಿಯಲ್ಲಿ ಸಂಸ್ಥಾನಿಕರಿದ್ದರು, ಹಳ್ಳಿಗಳಲ್ಲಿ ಮಾಲಿ ಪಟೇಲ, ಪೊಲೀಸ್ ಪಟೇಲರಿದ್ದರು, ಕೆಳಜಾತಿಗಳ ಹೆಗಲ ಮೇಲೆ ಬಿಟ್ಟಿ ಚಾಕರಿಯಿತ್ತು. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ರೈತನಿಗೆ ತನ್ನ ಹೊಲದ ಪಹಣಿಯಲ್ಲಿ ಏನು ಬರೆದಿದೆಯೆಂದು ಓದಿ ಹೇಳಲು ಇನ್ನೊಬ್ಬ ಬೇಕಿತ್ತು.

ಈ ಸೀಮೆಯ ಪಾಲಿಗೆ ರಾಷ್ಟ್ರಮಟ್ಟದ ಎಡ ಒಲವಿನ ನಾಯಕ ಎಂದರೆ ಮೊದಲು ಹೇಳಬೇಕಾದದ್ದು ಒಬ್ಬ ಸನ್ಯಾಸಿಯ ಹೆಸರು. ಸ್ವಾಮಿ ರಾಮಾನಂದ ತೀರ್ಥರು 1903ರಲ್ಲಿ ಈಗಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದವರು. ಪೂರ್ವಾಶ್ರಮದ ಹೆಸರು ವೆಂಕಟೇಶ ಭಾವುರಾವ್ ಖೇಡ್ಗೀಕರ್. ಕಾವಿ ತೊಡುವ ಮೊದಲು ಅವರು ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ದುಡಿದಿದ್ದರು. ದೇಶದ ಮೊದಲ ಕಾರ್ಮಿಕ ಒಕ್ಕೂಟವಾದ ಎಐಟಿಯುಸಿಯನ್ನು 1920ರಲ್ಲಿ ಕಟ್ಟಿದವರಲ್ಲಿ ಜೋಶಿಯೂ ಒಬ್ಬರು. ಸನ್ಯಾಸ ತೆಗೆದುಕೊಂಡ ಮೇಲೂ ತೀರ್ಥರು ಮಠ ಹಿಡಿದು ಕೂರಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿಗೆ 1938ರಲ್ಲಿ ನಿಷೇಧ ಬಿದ್ದಾಗ ಸತ್ಯಾಗ್ರಹ ಮಾಡಿ ಜೈಲು ಕಂಡರು. 1947ರ ಆಗಸ್ಟ್ 7ರಂದು ‘ಭಾರತಕ್ಕೆ ಸೇರಿ’ ಎಂಬ ಚಳವಳಿಗೆ ಕರೆ ಕೊಟ್ಟರು. ಮರು ವರ್ಷ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿದಾಗಲೂ ಅವರು ನಿಜಾಮನ ಸೆರೆಯಲ್ಲೇ ಇದ್ದರು. ಕಾಂಗ್ರೆಸ್ಸಿನೊಳಗೆ ಅವರದು ಎಡ ಗುಂಪು, ಬೂರ್ಗುಲ ರಾಮಕೃಷ್ಣ ರಾವ್ ಅವರದು ಅದಕ್ಕೆ ಎದುರಾದ ಗುಂಪು. 1952ರಲ್ಲಿ ತೀರ್ಥರು ಗುಲ್ಬರ್ಗದಿಂದ ಮೊದಲ ಲೋಕಸಭೆಗೆ ಹೋದರು. ಹೈದರಾಬಾದ್ ರಾಜ್ಯವನ್ನು ಭಾಷೆಯ ಪ್ರಕಾರ ಮೂರು ಪಾಲು ಮಾಡಬೇಕು ಎಂದು ಪಟ್ಟು ಹಿಡಿದವರಲ್ಲಿ ಅವರು ಮುಖ್ಯರು. ಆ ಪಟ್ಟು ಫಲಿಸಿಯೇ ರಾಯಚೂರು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ನಾಂದೇಡದ ವಿಶ್ವವಿದ್ಯಾಲಯಕ್ಕೆ ತೀರ್ಥರ ಹೆಸರಿದೆ. ಹುಟ್ಟೂರಿನ ಕಡೆಯ ಕನ್ನಡಿಗರಿಗಿಂತ ಮರಾಠಿಗರು ಅವರನ್ನು ಹೆಚ್ಚು ನೆನೆಯುತ್ತಾರೆ. ಇದು ನಮ್ಮ ಅಸಡ್ಡೆ, ಬೇರೇನೂ ಅಲ್ಲ.

ಕಾಂಗ್ರೆಸ್ಸಿನ ಎಡಗುಂಪು ಹೀಗಿದ್ದರೆ, ಕಮ್ಯುನಿಸ್ಟರ ದಾರಿಯೇ ಬೇರೆಯಾಗಿತ್ತು. 1946ರಿಂದ 1951ರವರೆಗೆ ತೆಲಂಗಾಣದಲ್ಲಿ ನಡೆದ ಸಶಸ್ತ್ರ ಹೋರಾಟದಲ್ಲಿ ಹಳ್ಳಿಗಳು ದೇಶಮುಖರ ಜಮೀನನ್ನು ಹಂಚಿಕೊಂಡವು. ಪಕ್ಷದ ಮೇಲೆ ನಿಷೇಧವಿದ್ದುದರಿಂದ 1952ರಲ್ಲಿ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಎಂಬ ಹೆಸರಿನಲ್ಲಿ ಚುನಾವಣೆಗೆ ನಿಂತರು. ನಲ್ಗೊಂಡದಲ್ಲಿ ರಾವಿ ನಾರಾಯಣ ರೆಡ್ಡಿ ನೆಹರೂಗಿಂತ ಹೆಚ್ಚು ಓಟು ಪಡೆದು ಗೆದ್ದರು. ಹೈದರಾಬಾದ್ ವಿಧಾನಸಭೆಯಲ್ಲಿ ಫ್ರಂಟಿಗೆ ನಲವತ್ತಕ್ಕೂ ಹೆಚ್ಚು ಸ್ಥಾನ ಬಂದವು, ಬಹುಪಾಲು ತೆಲಂಗಾಣದವು. ಅದೇ ಚುನಾವಣೆಯಲ್ಲಿ ಆಗಿನ ರಾಯಚೂರು ಜಿಲ್ಲೆಯ ಕುಷ್ಟಗಿ ಲೋಕಸಭಾ ಕ್ಷೇತ್ರ ಆರಿಸಿದ್ದು ಪಕ್ಷೇತರ ಅಭ್ಯರ್ಥಿ ಅಳವಂಡಿ ಶಿವಮೂರ್ತಿಸ್ವಾಮಿಯವರನ್ನು. ಅವರು ಮುಂಡರಗಿ ಶಿಬಿರದಿಂದ, ನಿಜಾಮನ ಪರ ನಿಂತ ರಜಾಕಾರರ ವಿರುದ್ಧ ಹೋರಾಡಿದವರು.

ನಲ್ಗೊಂಡದ ಕಿಚ್ಚು ದೋಆಬಿಗೆ ಯಾಕೆ ಹತ್ತಲಿಲ್ಲ? ತೆಲಂಗಾಣದಲ್ಲಿ ಆಂಧ್ರ ಮಹಾಸಭೆ ಹಳ್ಳಿಹಳ್ಳಿಗೆ ಹೋಗಿ ಜನರ ಮಾತಿನಲ್ಲೇ ಸಂಘ ಕಟ್ಟಿತ್ತು. ಕನ್ನಡ ಸೀಮೆಯಲ್ಲಿ ಆ ಮಟ್ಟದ ರೈತ ಸಂಘಟನೆ ಇರಲಿಲ್ಲ. ಇಲ್ಲಿನ ಓದಿದವರ ಹುರುಪೆಲ್ಲ ರಜಾಕಾರರನ್ನು ಎದುರಿಸುವುದಕ್ಕೂ ಏಕೀಕರಣಕ್ಕೂ ಖರ್ಚಾಯಿತು. ಮುಂಡರಗಿ, ಗಜೇಂದ್ರಗಡದ ಶಿಬಿರಗಳಲ್ಲಿ ಹಾರಿದ್ದು ಕಾಂಗ್ರೆಸ್ಸಿನ ಬಾವುಟ. ವಿಲೀನದ ಮರುವರ್ಷವೇ ಜಹಗೀರು ರದ್ದಾಯಿತು, 1950ರ ಕಾನೂನು ಗೇಣಿದಾರರಿಗೆ ರಕ್ಷಣೆ ಕೊಟ್ಟಿತು. ತೆಲಂಗಾಣದ ಬಂದೂಕಿಗೆ ಹೆದರಿ ಸರ್ಕಾರ ಮಾಡಿದ ಕಾನೂನಿನ ಲಾಭ ಬಂದೂಕು ಹಿಡಿಯದ ರಾಯಚೂರಿಗೂ ಸಿಕ್ಕಿತು ಎಂದರೆ ತಪ್ಪಾಗದು.

ಕೆಂಬಾವುಟ ಇಲ್ಲಿ ಗಟ್ಟಿಯಾಗಿ ಬೇರು ಬಿಟ್ಟದ್ದು ಹೊಲದಲ್ಲಲ್ಲ, ನೆಲದಡಿಯಲ್ಲಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಜನ ಬಂಡೆ ಸೀಳಿ ಚಿನ್ನ ತೆಗೆದ ಗುರುತುಗಳಿವೆ. ಆ ಹಳೆಯ ಗುಂಡಿಗಳ ಜಾಡು ಹಿಡಿದೇ ಹೊಸ ಕಾಲದ ಕಂಪನಿಗಳು ಬಂದವು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಮಸ್ಕಿಯ ಬೆಟ್ಟ ಹತ್ತಿದಾಗ ಗುಹೆಯೊಂದರಲ್ಲಿ ಬ್ರಾಹ್ಮಿ ಬರಹ ಕಣ್ಣಿಗೆ ಬಿತ್ತು. ಅದುವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ ಎಂದಷ್ಟೇ ಇತ್ತು. ಆ ಬಿರುದಿನ ಜೊತೆಗೆ ‘ಅಸೋಕ’ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ದೇಶದ ಇತಿಹಾಸದ ದೊಡ್ಡದೊಂದು ಗಂಟು ಬಿಚ್ಚಿದ್ದು ಚಿನ್ನದ ಆಸೆಯಿಂದ!

ಹಟ್ಟಿ (ನಿಜಾಮ್ಸ್) ಗಣಿ ಕಂಪನಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆಲಸ ನಡೆಸಿ, ಮೊದಲ ಮಹಾಯುದ್ಧದ ಹೊತ್ತಿನ ಬಿಕ್ಕಟ್ಟಿನಲ್ಲಿ ಬಾಗಿಲು ಹಾಕಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ಮತ್ತೆ ಶುರುವಾಯಿತು. ರಾಜ್ಯ ಬದಲಾದ ಮೇಲೆ ಹೆಸರೂ ಬದಲಾಗಿ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಕೋಲಾರದ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲಂತೂ ದೇಶದಲ್ಲಿ ಚಿನ್ನ ಎಂದರೆ ಹಟ್ಟಿ ಎನ್ನುವಂತಾಯಿತು. ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್ — ಇವು ಹಟ್ಟಿಯವರಿಗೆ ಬಸ್ ನಿಲ್ದಾಣದಷ್ಟೇ ಪರಿಚಿತ ಹೆಸರು. ಪಾಳಿ ಬದಲಾಗುವ ಹೊತ್ತಿಗೆ ಕೇಜಿನಲ್ಲಿ ನಿಂತು ಎರಡು ಸಾವಿರ ಅಡಿಗೂ ಕೆಳಗಿಳಿಯುವ ಕಾರ್ಮಿಕನಿಗೆ ಮೇಲೆ ಬರುವವರೆಗೂ ಬಂಡೆ, ಧೂಳು, ಸೆಕೆಯೇ ಲೋಕ. ಕಲ್ಲಿನ ಧೂಳು ಎದೆಗಿಳಿದರೆ ಸಿಲಿಕೋಸಿಸ್. ಅಂಥ ಕಡೆ ಸಂಘ ಬೇಡವೆನ್ನಲು ಯಾರಿಗೂ ಮನಸ್ಸು ಬಾರದು.

ದೆಹಲಿ, ಕಲ್ಕತ್ತಾಗಳಲ್ಲಿ ಎಡ ನಾಯಕರು ಒಡೆದ ಪ್ರತಿ ಸಲವೂ ಹಟ್ಟಿಯ ಗೇಟಿನ ಮುಂದೆ ಒಂದು ಬಾವುಟ ಹೆಚ್ಚಿತು. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಎರಡಾಯಿತು. 1970ರಲ್ಲಿ ಎಐಟಿಯುಸಿಯಿಂದ ಸಿಡಿದು ಸಿಐಟಿಯು ಹುಟ್ಟಿತು. ನಕ್ಸಲ್‌ಬಾರಿಯ ನಂತರದ ಮಾರ್ಕ್ಸಿಸ್ಟ್-ಲೆನಿನಿಸ್ಟ್ (ಎಂಎಲ್) ಪಂಗಡಗಳ ಪೈಕಿ ಒಂದು ಟಿಯುಸಿಐ ಕಟ್ಟಿತು. ಮೂರೂ ಹಟ್ಟಿಯ ಕಾರ್ಮಿಕ ಸಂಘದ ಚುನಾವಣೆಗೆ ನಿಂತಿವೆ, ಮೂರರ ಬಾವುಟವೂ ಕೆಂಪೇ. ಗುಪ್ತ ಮತದಾನ, ಚಿಹ್ನೆ, ಪ್ರಚಾರ, ಸಂಧಾನ ಎಲ್ಲ ವಿಧಾನಸಭಾ ಚುನಾವಣೆಯ ಠೀವಿಯಲ್ಲಿ ನಡೆಯುತ್ತವೆ. ವಾದ ನಡೆಯುವುದು ಮಾವೋ, ಸ್ಟಾಲಿನ್ ಬಗ್ಗೆ ಅಲ್ಲ. ವೇತನ ಒಪ್ಪಂದದಲ್ಲಿ ಎಷ್ಟು ಬಂತು, ಅನಾರೋಗ್ಯದಿಂದ ಕೆಲಸ ಬಿಟ್ಟವನ ಮಗನಿಗೆ ನೌಕರಿ ಸಿಗುತ್ತದೋ ಇಲ್ಲವೋ, ಇದರ ಬಗ್ಗೆ. ಗಣಿಯಲ್ಲಿ ಕೆಂಬಾವುಟಕ್ಕೆ ಓಟು ಹಾಕಿ ಬಂದ ಕಾರ್ಮಿಕ ವಿಧಾನಸಭೆಗೆ ಮಾತ್ರ ತನ್ನೂರಿನ ಗೌಡನ, ಜಾತಿಯ, ಹಣದ ಲೆಕ್ಕ ನೋಡಿ ಓಟು ಹಾಕುತ್ತಾನೆ. ಕೋಲಾರದ ಚಿನ್ನದ ಗಣಿಗಳು ಐವತ್ತರ ದಶಕದಲ್ಲಿ ಕಮ್ಯುನಿಸ್ಟರನ್ನು ವಿಧಾನಸಭೆಗೆ ಕಳಿಸಿದ್ದವು. ಹಟ್ಟಿಯ ಕಾರ್ಮಿಕರು ಒಂದು ಊರಿನಷ್ಟು, ಸುತ್ತಲಿನ ಲಿಂಗಸುಗೂರು ಕ್ಷೇತ್ರ ನೂರಾರು ಹಳ್ಳಿಗಳಷ್ಟು. ಲೆಕ್ಕ ಅಲ್ಲಿಗೇ ಮುಗಿಯಿತು.

ಗಣಿಯಿಂದ ತೆಂಕಣಕ್ಕೆ ಬಂದರೆ ಸಿಂಧನೂರಿನದು ನೀರಿನ ಕಥೆ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ದಡಗಳಲ್ಲಿ ಎರಡು ಅಡಿಗಲ್ಲು ಬಿದ್ದವು. ಒಂದು ನಿಜಾಮನ ಕಡೆಯದು, ಇನ್ನೊಂದು ಮದರಾಸಿನದು. 1953ರಲ್ಲಿ ನೀರು ಹರಿಯಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ 141 ಮೈಲಿ ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಹೋಗುತ್ತದೆ. ನೆಹರೂ ಕಾಲದ ಸಮಾಜವಾದಿ ಕನಸಿಗೆ ಅಣೆಕಟ್ಟು ಮುಖಚಿತ್ರ. ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮೊದಲು ಫಿಲ್ಮ್ಸ್ ಡಿವಿಷನ್ನಿನ ನ್ಯೂಸ್ ರೀಲ್ ಹಾಕುವುದು ಕಡ್ಡಾಯವಾಗಿತ್ತು. ಹಳ್ಳಿಯ ಬಹುಜನ ರಾಷ್ಟ್ರನಾಯಕರನ್ನು ಓಡಾಡುವ ಚಿತ್ರವಾಗಿ ಕಂಡದ್ದು ಅದರಲ್ಲೇ: ಬಿಳಿ ಟೋಪಿ, ಗುಂಡಿ ಒತ್ತುವ ಕೈ, ಭೋರ್ಗರೆಯುವ ನೀರು. ನೀರು ಕಾಲುವೆಯ ಕೊನೆ ಮುಟ್ಟಿತೇ ಎಂದು ಯಾವ ನ್ಯೂಸ್ ರೀಲೂ ಹೋಗಿ ನೋಡಲಿಲ್ಲ.

ಮುಟ್ಟಿರಲಿಲ್ಲ. ಎಡದಂಡೆಯ ಯೋಜನೆ ಬರಗಾಲ ತಪ್ಪಿಸಲು ಮಾಡಿದ್ದು. ಸುಮಾರು ಆರು ಲಕ್ಷ ಎಕರೆಗೆ ನೀರನ್ನು ತೆಳುವಾಗಿ ಹರಡಬೇಕು, ಜೋಳ, ಶೇಂಗಾ, ಹತ್ತಿಯಂಥ ಬೆಳೆಗೆ ಕೊಡಬೇಕು, ಭತ್ತಕ್ಕೆ ಗೊತ್ತುಮಾಡಿದ ಕಡೆ ಮಾತ್ರ ಎಂದು ಸರ್ವೆ ನಂಬರುವಾರು ಬರೆದಿಟ್ಟಿದ್ದರು. ಆದರೆ ಕಾಲುವೆಯ ಹಿಂದೆಯೇ ಕೃಷ್ಣಾ, ಗೋದಾವರಿ ಮುಖಜಭೂಮಿಯ ರೈತರು ಬಂದರು. ಅಲ್ಲಿ ಒಂದಿಷ್ಟು ಮಾರಿ ಇಲ್ಲಿ ಅಗ್ಗಕ್ಕೆ ಎರೆ ಹೊಲ ಕೊಂಡರು, ಮಟ್ಟ ಮಾಡಿ ಗದ್ದೆ ಮಾಡಿದರು. ಗಂಗಾವತಿ, ಸಿಂಧನೂರಿನ ಸುತ್ತ ‘ಕ್ಯಾಂಪು’ಗಳು ಎದ್ದವು. ಗಾಂಧಿನಗರ, ಶ್ರೀಪುರಂ ಜಂಕ್ಷನ್ನಿನಂಥ ಊರುಗಳಲ್ಲಿ ಇಂದಿಗೂ ಮನೆಮಾತು ತೆಲುಗು. ಅವರನ್ನು ನೋಡಿ ಸ್ಥಳೀಯರೂ ಭತ್ತಕ್ಕಿಳಿದರು. ಸೋನಾ ಮಸೂರಿ ಸಿಂಧನೂರಿಗೆ ಹಣ ತಂದಿತು, ರೈಸ್ ಮಿಲ್ಲು ತಂದಿತು. ಕೊನೆಭಾಗದವರಿಗೆ ಒಣ ಕಾಲುವೆ ಉಳಿಸಿತು.

ಡಚ್ ಸಂಶೋಧಕ ಪೀಟರ್ ಮೊಲ್ಲಿಂಗ ಇದೇ ಕಾಲುವೆಯ ದಡದಲ್ಲಿ ಓಡಾಡಿ ನೀರು ಹಂಚಿಕೆಯ ರಾಜಕಾರಣದ ಬಗ್ಗೆ ದಪ್ಪ ಗ್ರಂಥ ಬರೆದರು. ತೂಬಿನ ಗೇಟು ಎಷ್ಟು ಎತ್ತಬೇಕೆಂಬುದನ್ನು ಎಂಜಿನಿಯರನ ಪಟ್ಟಿಗಿಂತ ಊರಿನ ದೊಡ್ಡವರ, ಶಾಸಕರ ಒತ್ತಡ ನಿರ್ಧರಿಸುವುದನ್ನು ಅವರು ಬಿಡಿಸಿ ತೋರಿಸಿದರು. ಕೊನೆಭಾಗದ ರೈತನಿಗೆ ಇದು ಗ್ರಂಥ ಓದಿ ತಿಳಿಯಬೇಕಾದ ವಿಷಯವೇನಲ್ಲ. ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ, ಕಾಲುವೆಯ ನೀರಿನ ಮಟ್ಟ (ಗೇಜ್) ಕಾಯ್ದುಕೊಳ್ಳಬೇಕೆಂದು ರಸ್ತೆ ತಡೆ, ಅಕ್ರಮ ಪೈಪ್ ಕೀಳಿಸಲು ಕಾಲುವೆಗುಂಟ ನಿಷೇಧಾಜ್ಞೆ — ಇದು ಪ್ರತಿ ವರ್ಷದ ಪಂಚಾಂಗ. ಹೂಳು ತುಂಬಿ ಜಲಾಶಯವೂ ಕುಗ್ಗಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 106ರ ಆಸುಪಾಸು. 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಸಿಂಧನೂರಿನ ಗದ್ದೆಗಳಲ್ಲಿ ಜನ ಜೀವ ಹಿಡಿದುಕೊಂಡು ಕೂತಿದ್ದರು.

ಈ ಕಾಲುವೆ ಸೀಮೆಯ ಸಿಂಧನೂರಿಗೆ ಇನ್ನೊಂದು ವಲಸೆಯೂ ಬಂತು, ಅದು ಜ್ಯೋತಿ ಬಸು ಅವರ ರಾಜಕಾರಣಕ್ಕೆ ನೇರವಾಗಿ ತಗಲುವಂಥದ್ದು. ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ಕಾಲೊನಿಗಳೇ ಕಲ್ಕತ್ತಾದಲ್ಲಿ ಎಡಪಕ್ಷಗಳ ಗಟ್ಟಿ ನೆಲೆ. 1950ರಲ್ಲಿ ಹುಟ್ಟಿದ ಅವರ ಸಂಯುಕ್ತ ಪರಿಷತ್ತು, ನಿರಾಶ್ರಿತರನ್ನು ಬಂಗಾಳದ ಹೊರಗೆ ದೂಡಬೇಡಿ ಎಂದು ಬೀದಿಗಿಳಿದಿತ್ತು. ಕೇಂದ್ರ ಸರ್ಕಾರ ಕೇಳಲಿಲ್ಲ. ದಂಡಕಾರಣ್ಯಕ್ಕೆ, ಬೇರೆ ರಾಜ್ಯಗಳಿಗೆ ಕಳಿಸಿತು. ಹಾಗೆ ಬಂದ ಕುಟುಂಬಗಳು ಎಪ್ಪತ್ತರ ದಶಕದಲ್ಲಿ ಸಿಂಧನೂರು ತಾಲ್ಲೂಕಿನ ಪುನರ್ವಸತಿ (ಆರ್.ಎಚ್.) ಕ್ಯಾಂಪುಗಳಲ್ಲಿ ನೆಲೆ ನಿಂತವು. ಇತ್ತ ಬಂಗಾಳದಲ್ಲಿ ಬಸು 1977ರಲ್ಲಿ ಮುಖ್ಯಮಂತ್ರಿಯಾದರು. ದಂಡಕಾರಣ್ಯದಿಂದ ಮರಳಿ ಮರಿಚ್‌ಝಾಂಪಿ ದ್ವೀಪದಲ್ಲಿ ಬೀಡುಬಿಟ್ಟವರನ್ನು 1979ರಲ್ಲಿ ಪೊಲೀಸರು ಎಬ್ಬಿಸಿದ್ದು ಅವರ ಸರ್ಕಾರವಿದ್ದಾಗಲೇ. ಸಿಂಧನೂರಿನವರು ಹಿಂದಿರುಗುವ ಗೋಜಿಗೆ ಹೋಗದೆ ಎರೆ ಮಣ್ಣಿನಲ್ಲಿ ಕೆರೆ ತೋಡಿ ಮೀನು ಸಾಕಿದರು, ದುರ್ಗಾ ಪೂಜೆ ಮಾಡಿದರು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರು. ಪೌರತ್ವದ ಕಾಗದ ಮಾತ್ರ ಎಷ್ಟೋ ಜನರಿಗೆ ಸಿಗಲಿಲ್ಲ. ಹೊಸ ಕಾಯ್ದೆಯಡಿ ಕೆಲವರ ಕೈಗೆ ಪ್ರಮಾಣಪತ್ರ ಬಂದದ್ದು 2024ರಲ್ಲಿ.

ದೇವರಾಜ ಅರಸು ಅವರ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದಾಗ ಹೆಚ್ಚು ಲಾಭವಾದದ್ದು ಗೇಣಿ ಪದ್ಧತಿ ಗಾಢವಾಗಿದ್ದ ಕರಾವಳಿಗೆ. ಕೂಲಿಯೇ ಬದುಕಾಗಿದ್ದ ದೋಆಬಿನಲ್ಲಿ ಗೇಣಿ ಹಕ್ಕು ಕೇಳಿ ಡಿಕ್ಲರೇಷನ್ ಹಾಕಲು ಗೇಣಿಯ ಹೊಲವಾದರೂ ಬೇಕಲ್ಲ! ಅದೇ ದಶಕದಲ್ಲಿ ‘ಸಮುದಾಯ’ ತಂಡದ ಬೀದಿ ನಾಟಕ, ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯ ಎಲ್ಲ ಬಂದವು. ಆಂಧ್ರದ ಕಡೆಯಿಂದ ಗದ್ದರ್ ಹಾಡು ಗಡಿ ದಾಟಿತು. 1980ರ ಜುಲೈ 21ರ ನವಲಗುಂದ, ನರಗುಂದ ಗೋಲಿಬಾರಿನ ನಂತರ ರೈತನ ಹೆಗಲಿಗೆ ಹಸಿರು ಶಾಲು ಬಂತು, ಕೆಂಪು ಹಿಂದೆ ಸರಿಯಿತು. ಎಡ ಸಂಘಟನೆಗಳು ಹಿಡಿದುಕೊಂಡದ್ದು ಬೇರೆಯವರು ಮುಟ್ಟದ ಕೆಲಸಗಳನ್ನು. ದೇವದಾಸಿ ಮಹಿಳೆಯರ ವಿಮೋಚನಾ ಸಂಘ, ಅಂಗನವಾಡಿ ಕಾರ್ಯಕರ್ತೆಯರ ಸಂಘ, ಕೂಲಿಕಾರರ ಸಂಘ. ಮಾಸಾಶನ, ಗೌರವಧನ, ಜಾಬ್ ಕಾರ್ಡು — ಮೆರವಣಿಗೆಯಲ್ಲಿ ಫೋಟೊ ತೆಗೆಸಿಕೊಳ್ಳುವ ನಾಯಕರಿಗೆ ರುಚಿಸದ ಬೇಡಿಕೆಗಳು ಇವು.

ಜಾಬ್ ಕಾರ್ಡಿನ ಮೂಲ ಮಾತ್ರ ದೆಹಲಿಯಲ್ಲಿದೆ. 2004ರಲ್ಲಿ ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟ ಯುಪಿಎ ಸರ್ಕಾರದ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲಿ ಉದ್ಯೋಗ ಖಾತ್ರಿ ಸೇರಿತು. 2006ರ ಫೆಬ್ರವರಿ 2ರಂದು ಮೊದಲ ಹಂತದ 200 ಜಿಲ್ಲೆಗಳಲ್ಲಿ ಜಾರಿಯಾದಾಗ ರಾಯಚೂರೂ ಇತ್ತು. ಗುಳೆ ನಿಂತಿತೇ? ಇಲ್ಲ. ಲಿಂಗಸುಗೂರು, ಮಸ್ಕಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸಿನ ಟಾಪಿನಲ್ಲಿ ಈಗಲೂ ಜೋಳದ ಚೀಲ, ಪಾತ್ರೆ, ಹಾಸಿಗೆ ಸುರುಳಿ ಕಾಣುತ್ತವೆ. ಆದರೆ ಕೂಲಿಯನ್ನು ಪಂಚಾಯಿತಿ ಮುಂದೆ ಕೂತು ಹಕ್ಕಿನಿಂದ ಕೇಳುವ ರೂಢಿ ಬಂತು. ಬಿಟ್ಟಿ ಚಾಕರಿ ಮಾಡಿದ ಮುತ್ತಜ್ಜನ ಮರಿಮಕ್ಕಳಿಗೆ ಇದು ಸಣ್ಣ ಬದಲಾವಣೆಯಲ್ಲ.

ಹಾಗೆ ಹಕ್ಕಿನಿಂದ ಕೇಳಿದ ಇನ್ನೊಂದು ಕಥೆ ಮಸ್ಕಿಯದು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಅದನ್ನು ತಾಲ್ಲೂಕು ಮಾಡಿದ್ದು ಇತ್ತೀಚೆಗೆ. ಇದರ ಒಂದು ಬದಿಗೆ ತುಂಗಭದ್ರೆಯ ನೀರು, ಇನ್ನೊಂದು ಬದಿಗೆ ಕೃಷ್ಣೆಯ ನಾರಾಯಣಪುರ ಬಲದಂಡೆ. ನಡುವಿನ ಊರುಗಳಿಗೆ ಎರಡೂ ಇಲ್ಲ. ಬಲದಂಡೆಯಿಂದ 5ಎ ಎಂಬ ಶಾಖಾ ಕಾಲುವೆ ತೆಗೆಯಿರಿ ಎಂದು ಈ ಊರುಗಳ ರೈತರು 2020ರ ನವೆಂಬರಿನಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತರು. ಹಲವು ಊರುಗಳು ಆ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯನ್ನೇ ಬಹಿಷ್ಕರಿಸಿದವು. 5ಎ ತಾಂತ್ರಿಕವಾಗಿ ಆಗದ ಮಾತು, ನಂದವಾಡಗಿ ಏತ ನೀರಾವರಿಯಿಂದ ಕೊಡುತ್ತೇವೆ ಎಂದಿತು ಸರ್ಕಾರ. ಕಾಲುವೆ ಎಂದರೆ ಹೊಲಕ್ಕೆ ಹರಿಯುವ ನೀರು, ಏತ ಎಂದರೆ ಕರೆಂಟು, ಪೈಪು, ಹನಿ ಲೆಕ್ಕ. ರೈತರು ಒಪ್ಪಲಿಲ್ಲ.

ಅಷ್ಟರಲ್ಲಿ ಉಪಚುನಾವಣೆ ಬಂತು. 2018ರಲ್ಲಿ ಮಸ್ಕಿಯಿಂದ ಕಾಂಗ್ರೆಸ್ಸಿನಲ್ಲಿದ್ದ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದ್ದರು. ಮರುವರ್ಷ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ಬಸನಗೌಡರು ಈ ಕಡೆ ಕಾಂಗ್ರೆಸ್ಸಿಗೆ ಬಂದರು. ಅಭ್ಯರ್ಥಿಗಳು ಅವರೇ, ಪಕ್ಷ ಮಾತ್ರ ಅದಲುಬದಲು. 2021ರ ಏಪ್ರಿಲ್ 17ರಂದು ಮತದಾನ ನಡೆಯಿತು. ಮೇ 2ರಂದು ಎಣಿಸಿದಾಗ ಬಸನಗೌಡರು ಮೂವತ್ತು ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದಿದ್ದರು. ಪಕ್ಷ ಬಿಟ್ಟವರ ಮೇಲಿನ ಸಿಟ್ಟಿತ್ತು ನಿಜ, ಆದರೆ ಪಾಮನಕಲ್ಲೂರಿನ ಪೆಂಡಾಲನ್ನು ಬಿಟ್ಟು ಆ ಅಂತರವನ್ನು ವಿವರಿಸಲಾಗದು. 2023ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು, ಬಸನಗೌಡರೇ ಮತ್ತೆ ಗೆದ್ದರು, ರಾಜ್ಯದಲ್ಲೂ ಅವರದೇ ಪಕ್ಷ ಅಧಿಕಾರಕ್ಕೆ ಬಂತು. 5ಎ ಕೇಳಿದವರು ಅರ್ಜಿ ಹಿಡಿದು ಹೋಗಬೇಕಾದದ್ದು ಈಗ ತಾವೇ ಗೆಲ್ಲಿಸಿದವರ ಬಾಗಿಲಿಗೆ.